ಬ್ಲಾಕ್‌ಚೈನ್ ಮತದಾನದಲ್ಲಿ ಗುಟ್ಟು: ಯಾವ ಗುಂಪಿಗೆ ಯಾವ ವಿಧಾನ?

ಬ್ಲಾಕ್‌ಚೈನ್ ಎಂದರೆ ಹಲವು ಕಂಪ್ಯೂಟರ್‌ಗಳು ಒಟ್ಟಿಗೆ ಇಟ್ಟುಕೊಳ್ಳುವ, ಬರೆದದ್ದನ್ನು ಅಳಿಸಲಾಗದ ಲೆಕ್ಕದ ಪುಸ್ತಕ. ಅದರ ಮೇಲೆ ಮತ ಹಾಕಿದರೆ ಎಣಿಕೆಯಲ್ಲಿ ಕೈಚಳಕ ನಡೆಯುವುದಿಲ್ಲ, ಯಾರು ಬೇಕಾದರೂ ಲೆಕ್ಕ ತಾಳೆ ನೋಡಬಹುದು. ಅದರ ಬಲ ಇರುವುದೇ ಅಲ್ಲಿ. ತೊಂದರೆಯೂ ಅಲ್ಲಿಂದಲೇ ಹುಟ್ಟುತ್ತದೆ. ಮತ ಬಿದ್ದ ಕೂಡಲೇ ಯಾವ ವಾಲೆಟ್ (ಬ್ಲಾಕ್‌ಚೈನ್ ಮೇಲಿನ ಖಾತೆ) ಯಾವ ಕಡೆಗೆ ಹೋಯಿತು ಎಂಬುದು ಎಲ್ಲರ ಕಣ್ಣಿಗೆ ಬೀಳುತ್ತದೆ, ಮತ್ತೆಂದೂ ಅಳಿಯುವುದಿಲ್ಲ. ಕೋರಮಂಗಲದಲ್ಲೋ ಎಚ್‌ಎಸ್‌ಆರ್ ಲೇಔಟ್‌ನಲ್ಲೋ ಸೇರುವ ಐವತ್ತು ಜನ ಡೆವಲಪರ್‌ಗಳ ಗುಂಪೊಂದು ಸಾಮೂಹಿಕ ನಿಧಿಯನ್ನು ಯಾವ ಪ್ರಾಜೆಕ್ಟಿಗೆ ಕೊಡಬೇಕೆಂದು ಮತಕ್ಕೆ ಹಾಕಿದೆ ಎನ್ನಿ. ಹೆಸರಿಗೆ ವಾಲೆಟ್ ವಿಳಾಸ ಅನಾಮಧೇಯ. ಆದರೆ ಗುಂಪಿನಲ್ಲಿ ಒಮ್ಮೆ ಊಟದ ಖರ್ಚನ್ನು ಕ್ರಿಪ್ಟೋದಲ್ಲಿ ಹಂಚಿಕೊಂಡಿದ್ದರೆ ಸಾಕು, ಯಾವ ವಿಳಾಸ ಯಾರದೆಂದು ಎಲ್ಲರಿಗೂ ಗೊತ್ತಾಗಿರುತ್ತದೆ.

ನಮ್ಮಲ್ಲಿ ಸಾರ್ವತ್ರಿಕ ಚುನಾವಣೆಗೆ ಈ ವಿಷಯದಲ್ಲಿ ಕಾನೂನು ಸ್ಪಷ್ಟ. ಯಾರಿಗೆ ಮತ ಹಾಕಿದೆ ಎಂದು ಹೇಳುವಂತೆ ಯಾರನ್ನೂ ಬಲವಂತಪಡಿಸುವಂತಿಲ್ಲ ಎನ್ನುತ್ತದೆ 1951ರ ಪ್ರಜಾಪ್ರತಿನಿಧಿ ಕಾಯ್ದೆಯ 94ನೇ ಕಲಂ. ಗುಟ್ಟು ಕಾಯುವ ಹೊಣೆಯನ್ನು ಅಧಿಕಾರಿಗಳ ಮೇಲೆ ಹೊರಿಸುತ್ತದೆ 128ನೇ ಕಲಂ. ಸ್ಮಾರ್ಟ್ ಕಾಂಟ್ರ್ಯಾಕ್ಟಿನಲ್ಲಿ, ಅಂದರೆ ಬ್ಲಾಕ್‌ಚೈನ್ ಮೇಲೆ ತಾನಾಗಿ ನಡೆಯುವ ಪ್ರೋಗ್ರಾಮಿನಲ್ಲಿ, ಅಂಥ ಅಧಿಕಾರಿ ಇರುವುದಿಲ್ಲ. ಆ ಕೆಲಸವನ್ನು ಗಣಿತದಿಂದ ಮಾಡಿಸಬೇಕು. ಮಾಡಿಸುವ ದಾರಿಗಳು ಹಲವಾರಿವೆ, ಅವು ಒಂದಕ್ಕೊಂದು ಪರ್ಯಾಯವಲ್ಲ. ಇದನ್ನು ಗಮನಿಸದೆ ಹೆಸರು ಕೇಳಿ ಆರಿಸಿಕೊಂಡವರು, ಇರುವ ಕಾಯಿಲೆ ಬಿಟ್ಟು ಇಲ್ಲದ ಕಾಯಿಲೆಗೆ ಔಷಧಿ ತಂದಿರುತ್ತಾರೆ.

ಮೊದಲು ಕೇಳಬೇಕಾದ್ದು: ಯಾರಿಂದ ಗುಟ್ಟು, ಎಲ್ಲಿಯವರೆಗೆ ಗುಟ್ಟು?

ಅನ್ಯಾಯಗಳು ಮೂರು ಬಗೆ. ಮೊದಲನೆಯದು, ಮತದಾನ ನಡೆಯುತ್ತಿರುವಾಗಲೇ ಎಣಿಕೆ ಕಾಣುವುದು. ಎರಡನೇ ದಿನಕ್ಕೆ 14 ಹೌದು, 2 ಇಲ್ಲ ಎಂದು ಪರದೆಯ ಮೇಲೆ ಕಂಡರೆ ಉಳಿದವರು ಗೆಲ್ಲುವ ಕಡೆ ವಾಲುತ್ತಾರೆ, ಅಥವಾ ಇನ್ನೇನು ಹಾಕುವುದು ಎಂದು ಸುಮ್ಮನಾಗುತ್ತಾರೆ. ಹೆಚ್ಚು ಟೋಕನ್ (ಮತದ ತೂಕ ನಿರ್ಧರಿಸುವ ಡಿಜಿಟಲ್ ನಾಣ್ಯ) ಇಟ್ಟುಕೊಂಡವರು ಕೊನೆಯ ಗಂಟೆಯವರೆಗೆ ಹೊಂಚು ಹಾಕಿ, ಎಷ್ಟು ಬೇಕೋ ಅಷ್ಟೇ ಸುರಿಯುತ್ತಾರೆ. ಇದಕ್ಕೆ ಮತದಾನ ಮುಗಿಯುವ ತನಕದ ಗುಟ್ಟು ಸಾಕು.

ಎರಡನೆಯದು, ಮುಗಿದ ಮೇಲೂ ಕಾಣುವುದು. ಟೀಮ್ ಲೀಡ್ ತಂದ ಪ್ರಸ್ತಾವದ ವಿರುದ್ಧ ಮತ ಹಾಕಿದ ಹುಡುಗಿ ಆರು ತಿಂಗಳ ನಂತರ ಅದೇ ಲೀಡ್ ಇರುವ ಕಂಪನಿಗೆ ಇಂಟರ್‌ವ್ಯೂಗೆ ಹೋಗಬೇಕಾಗಬಹುದು. ಬೆಂಗಳೂರಿನ ಈ ಕ್ಷೇತ್ರ ಅಷ್ಟು ಚಿಕ್ಕದು. ಇಲ್ಲಿ ಶಾಶ್ವತ ಗುಟ್ಟೇ ಬೇಕು, ಇಲ್ಲದಿದ್ದರೆ ಮತಗಳೆಲ್ಲ ಮುಲಾಜಿನ ಮತಗಳಾಗುತ್ತವೆ.

ಮೂರನೆಯದು ಎಲ್ಲಕ್ಕಿಂತ ಕಠಿಣ: ಮತದಾರನೇ ತನ್ನ ಮತವನ್ನು ಇನ್ನೊಬ್ಬರಿಗೆ ಸಾಬೀತುಪಡಿಸಬಲ್ಲ ಸ್ಥಿತಿ. ಸಾಬೀತುಪಡಿಸಬಲ್ಲದ್ದನ್ನು ಮಾರಲೂಬಹುದು. ಮತ ಖರೀದಿಯನ್ನೇ ಸ್ಮಾರ್ಟ್ ಕಾಂಟ್ರ್ಯಾಕ್ಟ್ ಮೂಲಕ, ಯಾರ ಕಣ್ಣಿಗೂ ಬೀಳದಂತೆ ನಡೆಸಬಹುದೆಂದು ಸಂಶೋಧಕ ಫಿಲಿಪ್ ಡಯಾನ್ ಮತ್ತು ಜೊತೆಗಾರರು 2018ರಲ್ಲೇ ತೋರಿಸಿ, ಅದನ್ನು ‘ಡಾರ್ಕ್ ಡಾವೊ’ ಎಂದು ಕರೆದರು (ಡಾವೊ ಎಂದರೆ ಸ್ಮಾರ್ಟ್ ಕಾಂಟ್ರ್ಯಾಕ್ಟ್ ಮೂಲಕ ನಡೆಯುವ ಸಂಘ). ಇದನ್ನು ತಡೆಯಲು ಮತದಾರ ಬಯಸಿದರೂ ರಸೀದಿ ತೋರಿಸಲಾಗದ ವ್ಯವಸ್ಥೆ ಬೇಕು.

ಮುಂದೆ ಬರುವ ಪ್ರತಿ ವಿಧಾನವನ್ನೂ ಈ ಮೂರಕ್ಕೆ ಹಿಡಿದು ನೋಡಿ.

ಮುಚ್ಚಿಟ್ಟು ಆಮೇಲೆ ತೆರೆಯುವುದು: ಕಮಿಟ್–ರಿವೀಲ್

ಎಲ್ಲಕ್ಕಿಂತ ಹಳೆಯದು, ಸುಲಭದ್ದು. ಮೊದಲ ಹಂತದಲ್ಲಿ ಮತದ ಹ್ಯಾಶ್ (ಮೂಲವನ್ನು ಮರಳಿ ತೆಗೆಯಲಾಗದ, ಬೆರಳಚ್ಚಿನಂಥ ಸಂಖ್ಯೆ) ಮಾತ್ರ ಕಳಿಸುವುದು, ಎರಡನೇ ಹಂತದಲ್ಲಿ ಮೂಲ ಮತ ಕಳಿಸಿ ತೆರೆಯುವುದು. ಕೋಡು ಐವತ್ತು ಸಾಲು ಮೀರುವುದಿಲ್ಲ. ಆದರೆ ಹ್ಯಾಶ್‌ಗೆ ಏನೇನು ಹಾಕುತ್ತೀರಿ ಎಂಬುದರಲ್ಲೇ ಹೆಚ್ಚಿನವರು ಎಡವುತ್ತಾರೆ. ಬರೀ ಆಯ್ಕೆಯನ್ನು ಹ್ಯಾಶ್ ಮಾಡಿದರೆ ಗುಟ್ಟೇ ಇಲ್ಲ: ಹೌದು, ಇಲ್ಲ, ತಟಸ್ಥ ಎಂಬ ಮೂರರ ಹ್ಯಾಶ್ ತೆಗೆದು ಹೋಲಿಸಿದರೆ ಯಾರಿಗಾದರೂ ಗೊತ್ತಾಗುತ್ತದೆ. ಆದ್ದರಿಂದ 32 ಬೈಟ್‌ಗಳ ಯಾದೃಚ್ಛಿಕ ಸಂಖ್ಯೆಯೊಂದನ್ನು, ಅಂದರೆ ಸಾಲ್ಟನ್ನು, ಮತದ ಜೊತೆ ಬೆರೆಸಲೇಬೇಕು. ಮತದಾರರ ವಿಳಾಸವನ್ನೂ ಒಳಗೆ ಸೇರಿಸಿ. ಸೇರಿಸದಿದ್ದರೆ ಇನ್ನೊಬ್ಬರ ಹ್ಯಾಶನ್ನು ನಕಲು ಮಾಡಿ ಹಾಕಿ, ಅವರು ತೆರೆದ ಕೂಡಲೇ ಅದನ್ನೇ ತನ್ನದೆಂದು ತೆರೆಯಬಹುದು. ಪ್ರಸ್ತಾವದ ಸಂಖ್ಯೆ ಮತ್ತು ಚೈನ್ ಐಡಿ (ಯಾವ ಬ್ಲಾಕ್‌ಚೈನ್ ಎಂಬ ಸಂಖ್ಯೆ) ಇರದಿದ್ದರೆ ಹಳೆಯ ಮತವನ್ನು ಹೊಸ ಪ್ರಸ್ತಾವಕ್ಕೆ ಅಂಟಿಸಲು ದಾರಿ ತೆರೆದಿರುತ್ತದೆ.

ಸಾಲ್ಟ್ ಎಲ್ಲಿಡುವುದು? ಬ್ರೌಸರ್‌ನ ಲೋಕಲ್ ಸ್ಟೋರೇಜ್‌ನಲ್ಲಿಟ್ಟರೆ, ಲ್ಯಾಪ್‌ಟಾಪಿನಲ್ಲಿ ಮತ ಹಾಕಿ ಫೋನಿನಲ್ಲಿ ತೆರೆಯಲು ಹೋದವರ ಮತ ಅಲ್ಲಿಗೇ ಹೋಯಿತು. ಇದಕ್ಕಿಂತ ಒಳ್ಳೆಯ ದಾರಿ: ಪ್ರಸ್ತಾವದ ಸಂಖ್ಯೆಯುಳ್ಳ ನಿಶ್ಚಿತ ವಾಕ್ಯವೊಂದಕ್ಕೆ ವಾಲೆಟ್‌ನಿಂದ ಸಹಿ ಮಾಡಿಸಿ, ಆ ಸಹಿಯ ಹ್ಯಾಶನ್ನೇ ಸಾಲ್ಟ್ ಆಗಿ ಬಳಸುವುದು. ಸಾಮಾನ್ಯ ವಾಲೆಟ್‌ಗಳು ಅದೇ ವಾಕ್ಯಕ್ಕೆ ಪ್ರತಿ ಬಾರಿಯೂ ಅದೇ ಸಹಿ ಕೊಡುವುದರಿಂದ ಯಾವ ಸಾಧನದಲ್ಲಾದರೂ ಸಾಲ್ಟನ್ನು ಮರಳಿ ಪಡೆಯಬಹುದು. ಮಲ್ಟಿಸಿಗ್ (ಹಲವರ ಸಹಿ ಬೇಕಾದ) ಮತ್ತು ಹಲವು ಕಡೆ ಕೀ ಹಂಚಿಟ್ಟ ವಾಲೆಟ್‌ಗಳಲ್ಲಿ ಮಾತ್ರ ಈ ಭರವಸೆ ಇಲ್ಲ. ಅಂಥವರಿಗೆ ಸಾಲ್ಟನ್ನು ಫೈಲಾಗಿ ಇಳಿಸಿಕೊಳ್ಳಲು ಹೇಳಬೇಕು.

ಇಷ್ಟೆಲ್ಲ ಮಾಡಿದರೂ ಎರಡನೇ ಹಂತ ಕೈಕೊಡುತ್ತದೆ. ಒಮ್ಮೆ ಮತ ಹಾಕಿದವರನ್ನು ಮತ್ತೆ ಕರೆತರುವುದು ಕಷ್ಟ. ಅದಕ್ಕಿಂತ ಕೆಟ್ಟದ್ದು, ತೆರೆಯುವ ಹಂತದಲ್ಲಿ ಎಣಿಕೆ ಎಲ್ಲರಿಗೂ ಕಾಣುತ್ತಿರುತ್ತದೆ. ಕೊನೆಗೆ ಉಳಿದವರು ಲೆಕ್ಕ ನೋಡಿ ತಮ್ಮದನ್ನು ತೆರೆಯಬೇಕೋ ಬೇಡವೋ ಎಂದು ತೀರ್ಮಾನಿಸಬಹುದು. ಯಾವುದನ್ನು ತಡೆಯಲು ಹೊರಟಿದ್ದೆವೋ ಅದೇ ಹಿಂಬಾಗಿಲಿನಿಂದ ಬಂದಂತಾಯಿತು. ತೆರೆಯದವರ ಠೇವಣಿ ಮುಟ್ಟುಗೋಲು ಹಾಕಬಹುದು ನಿಜ. ಆದರೆ ಹಣವಿದ್ದವನಿಗೆ ಅದು ಸಣ್ಣ ಶುಲ್ಕ, ಮರೆತವನಿಗೆ ದೊಡ್ಡ ಶಿಕ್ಷೆ. ತೆರೆದ ಮೇಲೆ ಎಲ್ಲವೂ ಬಹಿರಂಗ, ಆದ್ದರಿಂದ ಎರಡನೇ ಮತ್ತು ಮೂರನೇ ಅನ್ಯಾಯಕ್ಕೆ ಇಲ್ಲಿ ಮದ್ದಿಲ್ಲ. ಒಬ್ಬರಿಗೊಬ್ಬರು ಫೋನ್ ಮಾಡಿ ನೆನಪಿಸಬಲ್ಲ ಸಣ್ಣ ಸಮಿತಿಗೆ ಇದು ಸಾಕು. ಅದಕ್ಕಿಂತ ದೊಡ್ಡ ಗುಂಪಿಗೆ ನಾವು ಶಿಫಾರಸು ಮಾಡುವುದಿಲ್ಲ.

ಇದೇ ಸಣ್ಣ ಗುಂಪುಗಳಿಗೆ ಓಪನ್ ವೋಟ್ ನೆಟ್‌ವರ್ಕ್ ಎಂಬ ಇನ್ನೊಂದು ವಿಧಾನವಿದೆ. ಮೆಕೋರಿ, ಶಾಹಂದಷ್ಟಿ, ಹಾವ್ ಎಂಬ ಸಂಶೋಧಕರು 2017ರಲ್ಲಿ ಇದನ್ನು ಇಥೀರಿಯಂ ಎಂಬ ಬ್ಲಾಕ್‌ಚೈನ್ ಮೇಲೆ 40 ಮತದಾರರೊಂದಿಗೆ ಓಡಿಸಿ ತೋರಿಸಿದರು, ಆಗ ತಲೆಗೆ 0.73 ಡಾಲರ್ ಬಿತ್ತು. ಎಣಿಸುವ ಅಧಿಕಾರಿಯೇ ಬೇಡ, ಒಬ್ಬರ ಮತ ತಿಳಿಯಬೇಕಾದರೆ ಉಳಿದವರೆಲ್ಲ ಕೈಜೋಡಿಸಬೇಕು. ಆದರೆ ನೋಂದಾಯಿಸಿದವರಲ್ಲಿ ಒಬ್ಬರು ಮತ ಹಾಕದಿದ್ದರೂ ಎಣಿಕೆ ಆಗುವುದಿಲ್ಲ, ಕೊನೆಯವರು ತಮ್ಮ ಮತಕ್ಕೆ ಮೊದಲೇ ಫಲಿತಾಂಶ ಲೆಕ್ಕ ಹಾಕಬಲ್ಲರು. ಒಂದೇ ಕೋಣೆಯಲ್ಲಿ ಕೂತ ಒಂಬತ್ತು ಜನರ ಆಡಳಿತ ಮಂಡಳಿಗೆ ಸರಿ.

ಕಾಲದ ಬೀಗ: ಥ್ರೆಶೋಲ್ಡ್ ಎನ್‌ಕ್ರಿಪ್ಷನ್

ಇಲ್ಲಿ ಮತದಾರರಿಗೆ ಎರಡನೇ ಹಂತದ ಗೋಜಿಲ್ಲ. ಬ್ರೌಸರ್‌ನಲ್ಲೇ ಮತ ಎನ್‌ಕ್ರಿಪ್ಟ್ ಆಗುತ್ತದೆ, ಅವಧಿ ಮುಗಿದ ಮೇಲೆ ಕೀ ಬಿಡುಗಡೆಯಾಗಿ ಎಲ್ಲ ಮತಗಳೂ ಒಟ್ಟಿಗೆ ತೆರೆಯುತ್ತವೆ. ಸ್ನ್ಯಾಪ್‌ಶಾಟ್ ಎಂಬ ಮತದಾನ ತಾಣ ಬಳಸುವವರಿಗೆ 2022ರಿಂದ ಶಟರ್ ಎಂಬ ಸೌಲಭ್ಯವಾಗಿ ಇದು ದೊರೆಯುತ್ತಿದೆ. ಸ್ನ್ಯಾಪ್‌ಶಾಟ್‌ನಲ್ಲಿ ಮತವೆಂದರೆ ಸಹಿ ಮಾಡಿದ ಸಂದೇಶ ಮಾತ್ರ, ಆದ್ದರಿಂದ ಗ್ಯಾಸ್ (ಬ್ಲಾಕ್‌ಚೈನ್ ಬಳಕೆಯ ಶುಲ್ಕ) ಖರ್ಚಿಲ್ಲ. ಕೀಯನ್ನು ‘ಕೀಪರ್’ಗಳೆಂಬ ಒಂದು ತಂಡ ತುಂಡುತುಂಡಾಗಿ ಇಟ್ಟುಕೊಂಡಿರುತ್ತದೆ. ಅವರಲ್ಲಿ ನಿಗದಿತ ಸಂಖ್ಯೆಯವರು ಒಳಗೊಳಗೇ ಕೂಡಿಕೊಂಡರೆ ಅವಧಿಗೆ ಮೊದಲೇ ಓದಬಹುದು. ಅಷ್ಟು ಜನ ಆನ್‌ಲೈನ್ ಇಲ್ಲದಿದ್ದರೆ ಮತಪೆಟ್ಟಿಗೆ ತೆರೆಯುವುದೇ ಇಲ್ಲ.

ಸ್ವಂತ ವ್ಯವಸ್ಥೆ ಕಟ್ಟುವವರಿಗೆ ಡ್ರಾಂಡ್ ಒಳ್ಳೆಯ ಆಧಾರ. ಲೀಗ್ ಆಫ್ ಎಂಟ್ರೊಪಿ ಎಂಬ ಸಂಸ್ಥೆಗಳ ಕೂಟ 2019ರಿಂದ ನಡೆಸುತ್ತಿರುವ ಜಾಲ ಇದು. ಕ್ಲೌಡ್‌ಫ್ಲೇರ್, ಸ್ವಿಟ್ಜರ್ಲೆಂಡ್‌ನ ಇಪಿಎಫ್‌ಎಲ್ ಮೊದಲಾದವು ಅದರಲ್ಲಿವೆ. ಇದರ ಕ್ವಿಕ್‌ನೆಟ್ ಜಾಲ 3 ಸೆಕೆಂಡಿಗೊಂದು ಸುತ್ತಿನಂತೆ ಸಹಿ ಪ್ರಕಟಿಸುತ್ತದೆ. ಮುಂದೆ ಬರಲಿರುವ ಒಂದು ಸುತ್ತಿನ ಸಂಖ್ಯೆಗೆ ಮತವನ್ನು ಎನ್‌ಕ್ರಿಪ್ಟ್ ಮಾಡಿದರೆ, ಆ ಸುತ್ತಿನ ಸಹಿಯೇ ಬೀಗದ ಕೈ. ಅಂತ್ಯದ ಸಮಯದಿಂದ ಜಾಲದ ಆರಂಭದ ಸಮಯ ಕಳೆದು 3ರಿಂದ ಭಾಗಿಸಿ 1 ಕೂಡಿಸಿದರೆ ಸುತ್ತಿನ ಸಂಖ್ಯೆ ಸಿಗುತ್ತದೆ. ಒಂದೆರಡು ನಿಮಿಷದಷ್ಟು ಸುತ್ತುಗಳನ್ನು ಹೆಚ್ಚು ಹಾಕಿ. ಇಲ್ಲಿ ನೆನಪಿಡಲೇಬೇಕಾದ ಮಾತೊಂದಿದೆ: ಕೋರಂ ಬರಲಿಲ್ಲವೆಂದು ಮತದಾನವನ್ನು ಎರಡು ದಿನ ಮುಂದೂಡಿದರೆ, ಆಗಲೇ ಬಿದ್ದ ಮತಗಳು ಮೊದಲು ಹೇಳಿದ ಸಮಯಕ್ಕೇ ತೆರೆಯುತ್ತವೆ. ತಡೆಯಲು ಯಾರಿಂದಲೂ ಆಗದು. ಆದ್ದರಿಂದ ಮುಂದೂಡಿಕೆ ಇಲ್ಲ, ಕೋರಂ ಬರದಿದ್ದರೆ ಹೊಸ ಮತದಾನ ಎಂಬ ನಿಯಮವನ್ನು ಮೊದಲೇ ಬರೆದಿಡಿ. ಇನ್ನೊಂದು ಸಣ್ಣ ಸಂಗತಿ, ಮುಚ್ಚಿದ ಮತವನ್ನೂ ನಕಲು ಮಾಡಬಹುದು. ಗುಂಪಿನ ಹಿರಿಯರ ಸೈಫರ್‌ಟೆಕ್ಸ್ಟನ್ನು ಹಾಗೇ ಎತ್ತಿ ಹಾಕಿದರೆ ಏನೆಂದು ತಿಳಿಯದೆಯೇ ಅವರಂತೆಯೇ ಮತ ಹಾಕಿದಂತಾಗುತ್ತದೆ. ಮತದೊಳಗೇ ವಿಳಾಸ ಸೇರಿಸಿ, ತೆರೆದಾಗ ತಾಳೆ ನೋಡಿ.

ಈ ವಿಧಾನ ಮೊದಲ ಅನ್ಯಾಯವನ್ನು ಪೂರ್ತಿ ನಿವಾರಿಸುತ್ತದೆ. ಉಳಿದೆರಡನ್ನು ಮುಟ್ಟುವುದಿಲ್ಲ. ಆದರೂ ಮಾಡುವ ಕೆಲಸಕ್ಕೆ ಹೋಲಿಸಿದರೆ ಸಿಗುವ ಲಾಭ ಇಲ್ಲಿಯೇ ಹೆಚ್ಚು. ಇವತ್ತು ಬಹಿರಂಗ ಮತದಾನ ನಡೆಸುತ್ತಿರುವ ಗುಂಪು ಮೊದಲು ಇಡಬೇಕಾದ ಹೆಜ್ಜೆ ಇದೇ.

ತೆರೆಯದೆಯೇ ಎಣಿಸುವುದು: ಹೋಮೋಮಾರ್ಫಿಕ್ ಎಣಿಕೆ

ಎಲ್‌ಗಮಾಲ್ ಎಂಬ ಎನ್‌ಕ್ರಿಪ್ಷನ್ ವಿಧಾನದ ಗುಣವೊಂದನ್ನು ಬಳಸಿ, ಮುಚ್ಚಿದ ಮತಗಳನ್ನು ಮುಚ್ಚಿದಂತೆಯೇ ಕೂಡಿಸಿ, ಮೊತ್ತವನ್ನು ಮಾತ್ರ ತೆರೆಯುವ ಪದ್ಧತಿ ಇದು. ಬೆನ್ ಅಡೀಡಾ 2008ರಲ್ಲಿ ತಂದ ಹೀಲಿಯೋಸ್ ಎಂಬ ಆನ್‌ಲೈನ್ ಮತದಾನ ವ್ಯವಸ್ಥೆ ಇದನ್ನು ಜನಬಳಕೆಗೆ ತಂದಿತು. ಬಿಡಿ ಮತ ಎಂದೂ ತೆರೆಯುವುದಿಲ್ಲ, ಹಾಗಾಗಿ ಮೊದಲೆರಡು ಅನ್ಯಾಯಗಳೂ ಇಲ್ಲಿ ನಿಲ್ಲುತ್ತವೆ. ಪ್ರತಿ ಮತದ ಜೊತೆಗೂ ‘ಇದರೊಳಗಿರುವುದು 0 ಅಥವಾ 1 ಮಾತ್ರ’ ಎಂಬ ಝೀರೋ ನಾಲೆಡ್ಜ್ ಪ್ರೂಫ್ (ಗುಟ್ಟು ಬಿಡದೆ ಮಾತು ನಿಜವೆಂದು ತೋರಿಸುವ ಗಣಿತದ ಸಾಕ್ಷ್ಯ) ಕಡ್ಡಾಯ. ಅದಿಲ್ಲದಿದ್ದರೆ ಒಬ್ಬರು 100 ಎಂದು ಮುಚ್ಚಿ ಹಾಕಿದರೂ ತಿಳಿಯುವುದಿಲ್ಲ.

ಟೋಕನ್ ತೂಕದ ಮತದಾನದಲ್ಲಿ ಇದನ್ನು ಬಳಸುವವರು ಬೀಳಬಹುದಾದ ಹಳ್ಳಗಳು ಎರಡಿವೆ. ಮೊದಲನೆಯದು ಲೆಕ್ಕದ್ದು. ಈ ವಿಧಾನದಲ್ಲಿ ಮೊತ್ತವನ್ನು ಕೊನೆಗೆ ಹುಡುಕಿಯೇ ಪಡೆಯಬೇಕು. ಕೋಟಿಯವರೆಗಿನ ಸಂಖ್ಯೆ ಲ್ಯಾಪ್‌ಟಾಪಿಗೆ ಕ್ಷಣದ ಕೆಲಸ. ಆದರೆ ಟೋಕನ್‌ಗಳು ಸಾಮಾನ್ಯವಾಗಿ 18 ದಶಮಾಂಶ ಸ್ಥಾನಗಳಲ್ಲಿ ಇರುತ್ತವೆ. ಆ ಸಂಖ್ಯೆಯನ್ನು ಹಾಗೇ ಹಾಕಿದರೆ ಮೊತ್ತ ಎಂದಿಗೂ ಸಿಗದು. ತೂಕವನ್ನು ಪೂರ್ಣಾಂಕಕ್ಕೆ ಇಳಿಸಿಕೊಳ್ಳಿ. ಎರಡನೆಯದು ಗುಟ್ಟಿನದು. ಐದು ಜನರ ತೂಕ 1000, 300, 70, 20, 5 ಎಂದಿಟ್ಟುಕೊಳ್ಳಿ. ಎಲ್ಲರೂ ಮತ ಹಾಕಿ, ಹೌದು 1075 ಎಂದು ಫಲಿತಾಂಶ ಬಂದರೆ 1000, 70 ಮತ್ತು 5 ಇದ್ದವರು ಹೌದು ಎಂದಿದ್ದಾರೆ. ಬೇರೆ ಸಾಧ್ಯತೆಯೇ ಇಲ್ಲ. ಎಷ್ಟು ಗಟ್ಟಿ ಎನ್‌ಕ್ರಿಪ್ಷನ್ ಇದ್ದರೇನು, ಫಲಿತಾಂಶವೇ ಎಲ್ಲವನ್ನೂ ಹೇಳಿಬಿಟ್ಟಿತು. ತೂಕವನ್ನು 1, 10, 100 ಎಂಬಂಥ ಕೆಲವೇ ಮಟ್ಟಗಳಿಗೆ ಇಳಿಸಿ, ಪ್ರತಿ ಮಟ್ಟದಲ್ಲೂ ಸಾಕಷ್ಟು ಜನ ಇರುವಂತೆ ನೋಡಿಕೊಳ್ಳಬೇಕು. ಮತಗಟ್ಟೆವಾರು ಎಣಿಕೆಯಿಂದ ಯಾವ ಹಳ್ಳಿ ಯಾರ ಕಡೆ ಎಂದು ತಿಳಿದುಹೋಗುತ್ತದೆಂಬ ಕಾರಣಕ್ಕೆ 14 ಮತಗಟ್ಟೆಗಳ ಮತಗಳನ್ನು ಒಟ್ಟಿಗೆ ಕೂಡಿಸುವ ‘ಟೋಟಲೈಸರ್’ ಯಂತ್ರವನ್ನು ನಮ್ಮ ಚುನಾವಣಾ ಆಯೋಗ 2008ರಲ್ಲಿ ಪ್ರಸ್ತಾಪಿಸಿತ್ತು. ಸಮಸ್ಯೆ ಅಲ್ಲಿಯೂ ಇಲ್ಲಿಯೂ ಒಂದೇ. ಅಪಾರ್ಟ್‌ಮೆಂಟಿನಲ್ಲಿ ಬ್ಲಾಕ್‌ವಾರು ಫಲಿತಾಂಶ ಪ್ರಕಟಿಸುವ ಆಸೆ ಬಂದರೆ ಇದನ್ನು ನೆನಪಿಸಿಕೊಳ್ಳಿ.

ಮೊತ್ತ ತೆರೆಯುವ ಕೀ ಟ್ರಸ್ಟಿಗಳ ಕೈಯಲ್ಲಿರುತ್ತದೆ. ಎಷ್ಟು ಜನ, ಅವರಲ್ಲಿ ಎಷ್ಟು ಜನ ಸಾಕು ಎಂಬ ಆಯ್ಕೆಯಲ್ಲೇ ಚುನಾವಣೆ ಉಳಿಯುವುದು ಅಥವಾ ಮುಳುಗುವುದು. ಕ್ರಿಪ್ಟೋಗ್ರಫಿ ಬಲ್ಲವರದೇ ಅಂತಾರಾಷ್ಟ್ರೀಯ ಸಂಘವಾದ ಐಎಸಿಆರ್ ತನ್ನ ಚುನಾವಣೆಗೆ ಹೀಲಿಯೋಸ್ ಬಳಸುತ್ತದೆ. 2025ರಲ್ಲಿ ಮೂವರು ಟ್ರಸ್ಟಿಗಳಲ್ಲಿ ಮೂವರೂ ಬೇಕೆಂದು ಇಟ್ಟಿದ್ದರು. ಒಬ್ಬರ ಕೀ ಕಳೆದುಹೋಯಿತು, ಎಣಿಕೆ ಅಸಾಧ್ಯವಾಗಿ ಮತದಾನವನ್ನೇ ಮತ್ತೆ ನಡೆಸಬೇಕಾಯಿತು. ಎರಡನೇ ಬಾರಿಗೆ ಮೂವರಲ್ಲಿ ಇಬ್ಬರು ಸಾಕು ಎಂದು ಬದಲಿಸಿದರು. ಲೋಕದ ಅತ್ಯುತ್ತಮ ತಜ್ಞರಿಗೇ ಹೀಗಾಗುವಾಗ ನಮ್ಮ ನಿಮ್ಮ ಗುಂಪು ಎಚ್ಚರದಿಂದಿರಬೇಕು. ಐವರಲ್ಲಿ ಮೂವರು ಎಂಬುದು ಒಳ್ಳೆಯ ಲೆಕ್ಕ: ಇಬ್ಬರು ಕೈಕೊಟ್ಟರೂ ಎಣಿಕೆ ನಡೆಯುತ್ತದೆ, ಗುಟ್ಟು ಒಡೆಯಲು ಮೂವರು ಸಂಚು ಹೂಡಬೇಕು. ಐವರೂ ಒಂದೇ ಕಂಪನಿಯವರಾದರೆ, ಒಂದೇ ಪ್ಯಾನೆಲ್‌ನ ಬೆಂಬಲಿಗರಾದರೆ ಆ ಲೆಕ್ಕಕ್ಕೆ ಅರ್ಥವಿಲ್ಲ.

ಕೀ ಗಾತ್ರದ ವಿಷಯಕ್ಕೆ ಮಾಸ್ಕೋ ಪಾಠ ಸಾಕು. 2019ರಲ್ಲಿ ಅಲ್ಲಿನ ನಗರಸಭೆಯ ಬ್ಲಾಕ್‌ಚೈನ್ ಮತದಾನ ವ್ಯವಸ್ಥೆಯ ಕೋಡನ್ನು ಪರೀಕ್ಷೆಗೆ ಬಿಟ್ಟಾಗ, ಅದರಲ್ಲಿನ ಎಲ್‌ಗಮಾಲ್ ಕೀಗಳು 256 ಬಿಟ್‌ಗಿಂತ ಚಿಕ್ಕವು ಎಂಬುದನ್ನು ಫ್ರಾನ್ಸಿನ ಪಿಯೆರಿಕ್ ಗೊದ್ರಿ ಗಮನಿಸಿದರು. ಸಾಧಾರಣ ಕಂಪ್ಯೂಟರಿನಲ್ಲಿ ಸುಮಾರು 20 ನಿಮಿಷಕ್ಕೆ ಅದು ಒಡೆಯಿತು. 256 ಬಿಟ್ ಎಂಬುದು ಎಲಿಪ್ಟಿಕ್ ಕರ್ವ್ ಎಂಬ ಹೊಸ ಬಗೆಯ ಕ್ರಿಪ್ಟೋಗ್ರಫಿಗೆ ಸಾಕು, ಹಳೆಯ ಬಗೆಯ ಎಲ್‌ಗಮಾಲ್‌ಗೆ ಏನೇನೂ ಸಾಲದು. ಅಲ್ಲಿ 2048 ಬಿಟ್‌ಗಿಂತ ಕೆಳಗಿಳಿಯಬೇಡಿ.

ಯಾರೆಂದು ತಿಳಿಯದಂತೆ: ಸೆಮಾಫೋರ್

ಸೆಮಾಫೋರ್ ಎಂಬ ತಂತ್ರಾಂಶ ಮತವನ್ನು ಮುಚ್ಚುವುದಿಲ್ಲ, ಮತದಾರರನ್ನು ಮುಚ್ಚುತ್ತದೆ. ಪ್ರತಿ ಸದಸ್ಯರ ಬಳಿ ಒಂದು ರಹಸ್ಯ ಇರುತ್ತದೆ, ಅದರಿಂದ ಹುಟ್ಟಿದ ಗುರುತು ಗುಂಪಿನ ಮೆರ್ಕಲ್ ಟ್ರೀಯಲ್ಲಿ (ಹ್ಯಾಶ್‌ಗಳನ್ನು ಜೋಡಿಜೋಡಿಯಾಗಿ ಕೂಡಿಸಿ ಕಟ್ಟಿದ ಮರದಲ್ಲಿ) ಒಂದು ಎಲೆಯಾಗಿ ಕೂತಿರುತ್ತದೆ. ‘ಈ ಗುಂಪಿನಲ್ಲಿ ನಾನೂ ಒಬ್ಬ’ ಎಂದು, ಯಾವ ಎಲೆ ಎಂದು ಹೇಳದೆ ಪ್ರೂಫ್ ಕೊಡುವುದು ಇದರ ಕೆಲಸ. ಟ್ರೀಯ ಆಳ 10 ಆದರೆ 1,024 ಸದಸ್ಯರು, 16 ಆದರೆ 65,536. ಎರಡು ಸಲ ಹಾಕದಂತೆ ತಡೆಯುವುದು ನಲಿಫೈಯರ್ ಎಂಬ ಸಂಖ್ಯೆ: ಪ್ರಸ್ತಾವದ ಸಂಖ್ಯೆಯನ್ನೂ ರಹಸ್ಯವನ್ನೂ ಸೇರಿಸಿ ತೆಗೆದ ಹ್ಯಾಶ್. ಮೈಸೂರಿನ ಬಣ್ಣದ ಕಾರ್ಖಾನೆಯಿಂದ ಬರುವ ಅಳಿಸಲಾಗದ ಶಾಯಿಯಂತೆ ಇದು. ಬೆರಳು ಮತ ಹಾಕಿದೆ ಎಂದಷ್ಟೇ ಹೇಳುತ್ತದೆ, ಯಾರಿಗೆ ಎಂದು ಹೇಳುವುದಿಲ್ಲ. ವ್ಯತ್ಯಾಸ ಇಷ್ಟೇ, ಇಲ್ಲಿ ಬೆರಳು ಯಾರದೆಂದೂ ಕಾಣುವುದಿಲ್ಲ.

ಖರ್ಚಿನ ಅಂದಾಜು ಹೀಗೆ. ಇಲ್ಲಿ ಬಳಸುವ ಗ್ರೋತ್16 ಎಂಬ ಬಗೆಯ ಪ್ರೂಫ್ ಒಂದನ್ನು ಇಥೀರಿಯಂ ಮೇಲೆ ಪರಿಶೀಲಿಸಲು ಪೇರಿಂಗ್ ಎಂಬ ಲೆಕ್ಕವನ್ನು ನಾಲ್ಕು ಸಲ ಮಾಡಬೇಕು: ಮೂಲ 45,000, ಅದಕ್ಕೆ ತಲಾ 34,000ದಂತೆ ನಾಲ್ಕು, ಒಟ್ಟು 1,81,000 ಗ್ಯಾಸ್. ಉಳಿದ ಕೆಲಸ ಸೇರಿ ಒಂದು ಮತಕ್ಕೆ 2 ಲಕ್ಷ ದಾಟುತ್ತದೆ. ಮೂಲ ಇಥೀರಿಯಂ ಮೇಲೆ ಇದು ದುಬಾರಿ, ಅದರ ಮೇಲೆ ಕಟ್ಟಿದ ಅಗ್ಗದ ಎಲ್2 ಜಾಲಗಳಲ್ಲಿ ಅಡ್ಡಿಯಿಲ್ಲ.

ಕೈಕೊಡುವ ಜಾಗಗಳು ಗಣಿತದಾಚೆಗೇ ಇವೆ. ಪ್ರೂಫನ್ನು ಸ್ವಂತ ವಾಲೆಟ್‌ನಿಂದಲೇ ಕಳಿಸಿದರೆ ಗ್ಯಾಸ್ ಕಟ್ಟಿದ ವಿಳಾಸವೇ ಹೆಸರು ಹೇಳುತ್ತದೆ. ಆದ್ದರಿಂದ ಗುಂಪಿನ ಪರವಾಗಿ ಕಳಿಸುವ ರಿಲೇಯರ್ ಬೇಕು; ರಿಲೇಯರ್‌ಗೆ ಐಪಿ ವಿಳಾಸ ಕಾಣುತ್ತದೆ, ಹಾಗಾಗಿ ಅದರ ಲಾಗ್ ಇಡಬಾರದು. ನೋಂದಣಿ ಆದ ಎರಡೇ ನಿಮಿಷಕ್ಕೆ ಮತ ಬಂದರೆ ಸಮಯ ನೋಡಿಯೇ ಊಹಿಸಬಹುದು, ಆದ್ದರಿಂದ ನೋಂದಣಿ ಮುಗಿಸಿ ಪಟ್ಟಿ ಮುಚ್ಚಿದ ಮೇಲೆಯೇ ಮತದಾನ ಆರಂಭವಾಗಲಿ. ಪಟ್ಟಿ ಮುಚ್ಚುವುದರಿಂದ ಇನ್ನೊಂದು ಲಾಭವೂ ಇದೆ: ಮಧ್ಯದಲ್ಲಿ ಸದಸ್ಯರು ಸೇರಿದರೆ ಟ್ರೀಯ ರೂಟ್ (ತುದಿಯ ಹ್ಯಾಶ್) ಬದಲಾಗಿ, ಹಳೆಯ ರೂಟ್‌ಗೆ ಮಾಡಿದ ಪ್ರೂಫ್ ತಿರಸ್ಕೃತವಾಗುವ ಗೋಳು ಇರುವುದಿಲ್ಲ. ರಹಸ್ಯ ಕಳೆದುಕೊಂಡವರಿಗೆ ಹೊಸ ಗುರುತು ಕೊಡುವಾಗ ಹಳೆಯ ಎಲೆಯನ್ನು ತೆಗೆಯದಿದ್ದರೆ ಒಬ್ಬರಿಗೆ ಎರಡು ಮತ ಆಗುತ್ತದೆ.

ಮತ್ತೆ ಮತ್ತೆ ಕಾಣುವ ತಪ್ಪು ತಿಳಿವಳಿಕೆ ಎರಡು. ಸೆಮಾಫೋರ್ ಒಂದರಿಂದಲೇ ನಡುವಿನ ಎಣಿಕೆ ಮುಚ್ಚುವುದಿಲ್ಲ; ಮತಗಳು ಬರುತ್ತಿದ್ದಂತೆ ಓದಬಹುದು. ಕಾಲದ ಬೀಗವನ್ನು ಜೊತೆಗೆ ಸೇರಿಸಬೇಕು, ಹಾಗೆ ಸೇರಿಸಿದ ಜೋಡಿ ನಮಗೆ ತುಂಬ ಹಿಡಿಸಿದ ಜೋಡಿ. ಇನ್ನು ಮತ ಮಾರಾಟವನ್ನು ಇದು ತಡೆಯುವುದೇ ಇಲ್ಲ. ರಹಸ್ಯವನ್ನು ಖರೀದಿದಾರನಿಗೆ ತೋರಿಸಿದರೆ ಅವನು ನಲಿಫೈಯರ್ ಲೆಕ್ಕ ಹಾಕಿ ಯಾವ ಮತ ನಿಮ್ಮದೆಂದು ಖಚಿತಪಡಿಸಿಕೊಳ್ಳುತ್ತಾನೆ.

ಮಾರಲಾಗದ ಮತ: ಎಂಎಸಿಐ

ಇಥೀರಿಯಂ ಸ್ಥಾಪಕರಲ್ಲೊಬ್ಬರಾದ ವಿಟಾಲಿಕ್ ಬ್ಯುಟೆರಿನ್ 2019ರಲ್ಲಿ ಮುಂದಿಟ್ಟ ಎಂಎಸಿಐ (ಮಿನಿಮಲ್ ಆ್ಯಂಟಿ-ಕೊಲ್ಯೂಷನ್ ಇನ್‌ಫ್ರಾಸ್ಟ್ರಕ್ಚರ್, ಒಳಸಂಚು ತಡೆಯುವ ವ್ಯವಸ್ಥೆ) ಹುಟ್ಟಿದ್ದೇ ಮೂರನೇ ಅನ್ಯಾಯಕ್ಕಾಗಿ. ಮತದಾರರು ಒಂದು ಕೀ ಜೊತೆ ನೋಂದಾಯಿಸಿ, ಎಣಿಕೆ ನಡೆಸುವ ಕೋಆರ್ಡಿನೇಟರ್ ಮಾತ್ರ ಓದಬಲ್ಲ ಸಂದೇಶಗಳಾಗಿ ಮತ ಕಳಿಸುತ್ತಾರೆ. ಎಲ್ಲ ಸಂದೇಶಗಳೂ ಚೈನ್ ಮೇಲೆ ಇರುತ್ತವೆ. ಸಂದೇಶದಲ್ಲಿ ಮತವನ್ನೂ ಬದಲಿಸಬಹುದು, ಕೀಯನ್ನೂ ಬದಲಿಸಬಹುದು. ಕೋಆರ್ಡಿನೇಟರ್ ಅವನ್ನು ಕೊನೆಯದರಿಂದ ಮೊದಲಿನದಕ್ಕೆ, ಹಿಮ್ಮುಖವಾಗಿ ಪರಿಶೀಲಿಸುತ್ತಾ ಹೋಗುತ್ತಾರೆ.

ಹಿಮ್ಮುಖ ಯಾಕೆ ಎಂಬುದು ಒಂದು ಉದಾಹರಣೆಯಲ್ಲಿ ಕಾಣುತ್ತದೆ. ಸೋಮವಾರ ಖರೀದಿದಾರ ಪಕ್ಕದಲ್ಲಿ ಕೂತು, ಮೊದಲ ಕೀಯಿಂದ ‘ಅ’ ಪ್ರಾಜೆಕ್ಟಿಗೆ ಮತ ಹಾಕಿಸಿ, ಹಣ ಕೊಟ್ಟು ಹೋಗುತ್ತಾನೆ. ಮಂಗಳವಾರ ಮತದಾರ ಇನ್ನೊಂದು ಸಂದೇಶ ಕಳಿಸುತ್ತಾನೆ: ಇನ್ನು ನನ್ನದು ಎರಡನೇ ಕೀ, ಮತ ‘ಬ’ ಪ್ರಾಜೆಕ್ಟಿಗೆ. ಎಣಿಕೆಯಲ್ಲಿ ಮಂಗಳವಾರದ ಸಂದೇಶ ಮೊದಲು ಬರುತ್ತದೆ, ಕೀ ಬದಲಾಗುತ್ತದೆ, ‘ಬ’ ದಾಖಲಾಗುತ್ತದೆ. ಆಮೇಲೆ ಬರುವ ಸೋಮವಾರದ ಸಂದೇಶದಲ್ಲಿರುವುದು ಹಳೆಯ ಕೀಯ ಸಹಿ, ಅದು ಅಸಿಂಧು. ಯಾವ ಸಂದೇಶ ಸಿಂಧು, ಯಾವುದು ಅಸಿಂಧು ಎಂದು ಹೊರಗಿನವರಿಗೆ ಕಾಣುವುದಿಲ್ಲ. ಮಂಗಳವಾರ ಏನಾಯಿತೆಂದು ತಿಳಿಯಲಾಗದ ಖರೀದಿದಾರ ಹಣ ಕೊಡುವುದನ್ನೇ ನಿಲ್ಲಿಸುತ್ತಾನೆ.

ಕೋಆರ್ಡಿನೇಟರ್ ಮೇಲೆ ಎಷ್ಟು ನಂಬಿಕೆ ಇಡಬೇಕು? ಅವರು ಫಲಿತಾಂಶವನ್ನು ತಿರುಚಲಾರರು, ಯಾವ ಮತವನ್ನೂ ಬಿಡಲಾರರು. ಸಂಸ್ಕರಣೆ ಸರಿಯಾಗಿದೆ ಎಂಬ ಝೀರೋ ನಾಲೆಡ್ಜ್ ಪ್ರೂಫನ್ನು ಕಾಂಟ್ರ್ಯಾಕ್ಟ್ ಪರಿಶೀಲಿಸುತ್ತದೆ. ಆದರೆ ಅವರು ಎಲ್ಲರ ಮತವನ್ನೂ ಓದಬಲ್ಲರು. ಖರೀದಿದಾರನ ಜೊತೆ ಕೈಜೋಡಿಸಿದರೆ ರಕ್ಷಣೆ ಮುಗಿಯಿತು. ಎಣಿಸದೆ ಸುಮ್ಮನೆ ಕೂರಲೂಬಹುದು. ಆದ್ದರಿಂದ ನಿಧಿ ಪಡೆಯುವ ಯಾವ ಪ್ರಾಜೆಕ್ಟಿಗೂ ಸಂಬಂಧವಿಲ್ಲದವರನ್ನೇ ಆರಿಸಿ, ಅವರ ಕೀಯ ಬ್ಯಾಕಪ್ ಬೇರೊಬ್ಬರ ಬಳಿ ಮುಚ್ಚಿದ ಲಕೋಟೆಯಲ್ಲಿರಲಿ.

ನಡೆಸುವ ಶ್ರಮವೂ ಇಲ್ಲಿಯೇ ಹೆಚ್ಚು. ಎಷ್ಟು ಮತದಾರರು, ಎಷ್ಟು ಆಯ್ಕೆಗಳು ಎಂಬುದು ಸರ್ಕ್ಯೂಟ್‌ನಲ್ಲೇ (ಪ್ರೂಫ್ ಏನನ್ನು ಸಾಬೀತುಪಡಿಸಬೇಕೆಂದು ಹೇಳುವ ಗಣಿತದ ನಕ್ಷೆಯಲ್ಲೇ) ಗಟ್ಟಿಯಾಗಿ ಕೂತಿರುತ್ತದೆ. ಗ್ರೋತ್16ಗೆ ಪ್ರತಿ ಸರ್ಕ್ಯೂಟ್‌ಗೂ ಪ್ರತ್ಯೇಕ ಟ್ರಸ್ಟೆಡ್ ಸೆಟಪ್ (ಪ್ರೂಫ್‌ಗೆ ಬೇಕಾದ ಕೀಗಳನ್ನು ಮೊದಲೇ ತಯಾರಿಸುವ ಕೆಲಸ) ಬೇಕು, ಆದ್ದರಿಂದ ಗಾತ್ರ ಬದಲಿಸಿದರೆ ಅದನ್ನೂ ಮತ್ತೆ ಮಾಡಬೇಕು. ಯೋಜನೆಯವರು ಸಾರ್ವಜನಿಕವಾಗಿ ಮಾಡಿಟ್ಟ ಸೆಟಪ್‌ನ ಗಾತ್ರದೊಳಗೇ ನಿಮ್ಮ ಮತದಾನವನ್ನು ಹೊಂದಿಸಿಕೊಳ್ಳುವುದು ಲೇಸು. ಅಸಿಂಧು ಸಂದೇಶಗಳಿಗೂ ಪ್ರೂಫ್ ಮಾಡಲೇಬೇಕಾದ್ದರಿಂದ, ಯಾರಾದರೂ ಬೇಕೆಂದೇ ಸಾವಿರಾರು ಕಸದ ಸಂದೇಶ ಸುರಿದರೆ ಎಣಿಕೆ ಗಂಟೆಗಟ್ಟಲೆ ಹಿಂದೆ ಬೀಳುತ್ತದೆ. ಕ್ವಾಡ್ರಾಟಿಕ್ ಫಂಡಿಂಗ್ (ಕೊಟ್ಟ ಮೊತ್ತಕ್ಕಿಂತ ಕೊಟ್ಟವರ ಸಂಖ್ಯೆಗೆ ಹೆಚ್ಚು ಬೆಲೆ ಕೊಟ್ಟು ನಿಧಿ ಹಂಚುವ ಪದ್ಧತಿ) ನಡೆಸಲು ಸಿಎಲ್‌ಆರ್ ಫಂಡ್ ಎಂಬ ಯೋಜನೆ ಇದನ್ನು ಬಳಸಿದ್ದು ಸರಿಯಾದ ಆಯ್ಕೆ. ಅಲ್ಲಿ ಮತವೆಂದರೆ ನೇರವಾಗಿ ಹಣ.

ಮುಚ್ಚಿದ ಮಾಹಿತಿಯ ಮೇಲೆ ಯಾವ ಲೆಕ್ಕವನ್ನಾದರೂ ಮಾಡಬಲ್ಲ ಪೂರ್ಣ ಹೋಮೋಮಾರ್ಫಿಕ್ ಎನ್‌ಕ್ರಿಪ್ಷನ್ ಬಗ್ಗೆ ಈಗ ಎಲ್ಲ ಮೀಟಪ್‌ಗಳಲ್ಲೂ ಮಾತು ಕೇಳುತ್ತೀರಿ. ಅದು ಬಂದರೂ ತೆರೆಯುವ ಕೀ ಯಾರ ಬಳಿ ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ. ಭದ್ರ ಚಿಪ್‌ನೊಳಗೆ ಎಣಿಸುವ ಪದ್ಧತಿ ಅಗ್ಗ, ವೇಗದ್ದು, ಆದರೆ ನಂಬಿಕೆಯೆಲ್ಲ ಚಿಪ್ ತಯಾರಕರ ಮೇಲೆ. ಇಂಟೆಲ್‌ನ ಎಸ್‌ಜಿಎಕ್ಸ್ ಎಂಬ ಅಂಥದೇ ಚಿಪ್ ವ್ಯವಸ್ಥೆಯ ಮೇಲೆ 2018ರಲ್ಲಿ ಬಂದ ಫೋರ್‌ಶ್ಯಾಡೋ ದಾಳಿಯ ನಂತರ ಗುಟ್ಟಿನ ಮತಕ್ಕೆ ಅದೊಂದನ್ನೇ ನೆಚ್ಚುವುದು ಬೇಡ.

ಹಾಗಾದರೆ ನಿಮಗೆ ಯಾವುದು?

ಸರ್ಜಾಪುರ ರಸ್ತೆಯ 240 ಫ್ಲ್ಯಾಟ್‌ಗಳ ಸಂಘಕ್ಕೆ ಬೋರ್‌ವೆಲ್ ಕೊರೆಸಬೇಕೋ ಟ್ಯಾಂಕರ್ ಗುತ್ತಿಗೆ ಮುಂದುವರಿಸಬೇಕೋ ಎಂದು ತೀರ್ಮಾನಿಸಲು ಹೋಮೋಮಾರ್ಫಿಕ್ ಎಣಿಕೆ ಹೊಂದುತ್ತದೆ. ಫ್ಲ್ಯಾಟಿಗೊಂದು ಮತ, ತೂಕದ ತಕರಾರಿಲ್ಲ, ಲಿಫ್ಟಿನಲ್ಲಿ ದಿನವೂ ಮುಖ ನೋಡುವವರ ನಡುವೆ ಶಾಶ್ವತ ಗುಟ್ಟೇ ಬೇಕು. ಮುಚ್ಚಿದ ಮತಗಳನ್ನು ಎಲ್ಲರೂ ನೋಡಬಲ್ಲ ಒಂದು ಫಲಕ ಸಾಕು, ಅದು ಬ್ಲಾಕ್‌ಚೈನೇ ಆಗಬೇಕೆಂದಿಲ್ಲ. ವಾಲೆಟ್ ಬಳಸದ ಹಿರಿಯರಿಗೆ ಕಾಗದದ ಮತಪತ್ರ ಇಡಿ, ಕಾಗದ ಪಡೆದವರ ಹೆಸರನ್ನು ಡಿಜಿಟಲ್ ಪಟ್ಟಿಯಿಂದ ಮೊದಲೇ ತೆಗೆಯಿರಿ. ಬೈಲಾದಲ್ಲಿ ಇಂಥ ಮತದಾನಕ್ಕೆ ಅವಕಾಶವಿದೆಯೇ ಎಂದು ವಕೀಲರನ್ನು ಕೇಳದೆ ಪದಾಧಿಕಾರಿಗಳ ಚುನಾವಣೆಗೆ ಇಳಿಯಬೇಡಿ.

ಡೆವಲಪರ್ ಗುಂಪಿಗೆ ಮೊದಲು ಕಾಲದ ಬೀಗ. ಒಬ್ಬರ ಮೇಲೊಬ್ಬರ ಪ್ರಭಾವ ಜೋರಾಗಿದ್ದರೆ ಅದಕ್ಕೆ ಸೆಮಾಫೋರ್ ಸೇರಿಸಿ. ಹಣ ಹಂಚುವ ಗ್ರ್ಯಾಂಟ್ ಸುತ್ತಿಗೆ ಎಂಎಸಿಐ, ಶ್ರಮ ಎಷ್ಟಾದರೂ. ಟೋಕನ್ ಆಧಾರಿತ ಪ್ರೋಟೋಕಾಲ್‌ಗೆ ಸ್ನ್ಯಾಪ್‌ಶಾಟ್ ಮತ್ತು ಶಟರ್. ಆದರೆ ಇಲ್ಲಿ ಒಂದು ಗೆರೆ ಎಳೆಯಬೇಕು: ಬೇರೆಯವರು ವಹಿಸಿಕೊಟ್ಟ ಟೋಕನ್‌ಗಳಿಂದ ಮತ ಹಾಕುವ ಡೆಲಿಗೇಟ್‌ಗಳ ಮತ ಅವಧಿ ಮುಗಿದ ಮೇಲೆ ಬಹಿರಂಗವಾಗಲೇಬೇಕು. ಮತದಾರನಿಗೆ ಗುಟ್ಟು ಹಕ್ಕು; ಪ್ರತಿನಿಧಿ ಲೆಕ್ಕ ಕೊಡಬೇಕು. ಇಬ್ಬರಿಗೂ ಒಂದೇ ಮುಸುಕು ಹಾಕುವ ವಿನ್ಯಾಸ ತಪ್ಪು.

ವಿಧಾನಸಭೆ, ಪಾಲಿಕೆ ಚುನಾವಣೆಗಳಿಗೆ ಇವುಗಳಲ್ಲಿ ಯಾವುದೂ ಬೇಡ. ಇಂಟರ್‌ನೆಟ್ ಮತದಾನದ ತೊಂದರೆಗಳಿಗೆ ಬ್ಲಾಕ್‌ಚೈನ್ ಪರಿಹಾರವಲ್ಲ ಎಂದು ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳ ಸಮಿತಿ 2018ರಲ್ಲೇ ಹೇಳಿದೆ. ಮತದಾರರ ಫೋನಿನಲ್ಲೇ ಕುತಂತ್ರಾಂಶ ಇದ್ದರೆ ಎನ್‌ಕ್ರಿಪ್ಟ್ ಆಗುವ ಮೊದಲೇ ಮತ ಬದಲಾಗಿರುತ್ತದೆ. ಮೇಲಿನ ಯಾವ ವಿಧಾನವೂ ಅಲ್ಲಿಗೆ ಮುಟ್ಟುವುದಿಲ್ಲ. ಒಬ್ಬರಿಗೆ ಒಂದೇ ಗುರುತು ಎಂಬುದನ್ನೂ ಇವು ಖಾತರಿಪಡಿಸುವುದಿಲ್ಲ. ಪಟ್ಟಿ ಸರಿಮಾಡುವ ಕೆಲಸ ಜನರದ್ದೇ.

ಯಾವುದನ್ನೇ ಆರಿಸಿ, ನಿಜವಾದ ಮತದಾನಕ್ಕೆ ಒಂದು ವಾರ ಮೊದಲು ಅಣಕು ಮತದಾನ ನಡೆಸಿ. ಅಗ್ಗದ ಆಂಡ್ರಾಯ್ಡ್ ಫೋನಿನಲ್ಲಿ ಪ್ರೂಫ್ ತಯಾರಾಗಲು ಎಷ್ಟು ಹೊತ್ತು ಹಿಡಿಯುತ್ತದೆ ನೋಡಿ. ಕಾಯಲಾರದೆ ಟ್ಯಾಬ್ ಮುಚ್ಚುವವರೇ ಹೆಚ್ಚು. ಅಂತ್ಯದ ಸಮಯವನ್ನು ಭಾರತೀಯ ಕಾಲಮಾನದಲ್ಲೇ ಬರೆದು ಪರೀಕ್ಷಿಸಿ: ಯುಟಿಸಿ ರಾತ್ರಿ 11:59 ಎಂದರೆ ನಮಗೆ ಮರುದಿನ ಬೆಳಿಗ್ಗೆ 5:29. ಐವರು ಟ್ರಸ್ಟಿಗಳಲ್ಲಿ ಇಬ್ಬರನ್ನು ಬೇಕೆಂದೇ ಹೊರಗಿಟ್ಟು ಎಣಿಕೆ ಮಾಡಿಸಿ, ನಂತರ ಮೂವರನ್ನು ಹೊರಗಿಟ್ಟು ಎಣಿಕೆ ನಿಲ್ಲುತ್ತದೆಯೇ ನೋಡಿ. ಗುಂಪಿನ ಹೊರಗಿನ ಒಬ್ಬರಿಗೆ ಚೈನ್ ಮೇಲಿನ ಮಾಹಿತಿ ಮಾತ್ರ ಕೊಟ್ಟು, ಯಾರು ಯಾವುದಕ್ಕೆ ಹಾಕಿದರೆಂದು ಊಹಿಸಲು ಹೇಳಿ. ಅವರ ಊಹೆ ಸರಿಯಾದ ಕಡೆಯೆಲ್ಲ, ಗುಟ್ಟು ಎಲ್ಲಿಂದ ಸೋರಿತೆಂದು ಹುಡುಕಿ ಸರಿಪಡಿಸಿದ ಮೇಲೆಯೇ ನಿಜವಾದ ಮತದಾನದ ದಿನಾಂಕ ಪ್ರಕಟಿಸಿ.